ಕುರಿತೋದದೆಯುಂ ಶಿಫಾರಸು ಪರಿಣತಮತಿಗಳ್

ನಮ್ಮ ವೈನಿಗೆ, ಅಂದರೆ ಅತ್ತಿಗೆಗೆ, ಒಂದು ಕಾದಂಬರಿ ಬೇಕಾಗಿತ್ತು. ವಿಷಯ ಇಷ್ಟೇ. ಇದಕ್ಕಾಗಿ ನಾನು ಮೇ ತಿಂಗಳ ಬಿಸಿಲಿನಲ್ಲಿ ಅರ್ಧ ಕಲಬುರಗಿ ಸುತ್ತಿದೆ, ಲೆಕ್ಕವಿಲ್ಲದಷ್ಟು ಮಜ್ಜಿಗೆ ಕುಡಿದೆ, ಒಬ್ಬ ಹಿರಿಯರ ಜೊತೆ ಮಾತು ಬಿಟ್ಟೆ.

ವೈನಿ ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಮಾರುತ್ತಾರೆ. ನಸುಕಿನಲ್ಲಿ ಹೊತ್ತಿದ ಒಲೆ ಆರುವುದು ಹನ್ನೊಂದರ ಮೇಲೆ. ಮಧ್ಯಾಹ್ನ ಕೂಲರ್ ಮುಂದೆ ಚಾಪೆ ಹಾಸಿಕೊಂಡು ಓದುವುದೊಂದೇ ಅವರ ಚಟ. ಕೈ ಎಷ್ಟು ತೊಳೆದರೂ ಬೆರಳ ಗೆರೆಗಳಲ್ಲಿ ಜೋಳದ ಹಿಟ್ಟು ಉಳಿದಿರುತ್ತದೆ. ಹಾಗಾಗಿ ಅವರು ತಿರುವಿದ ಪ್ರತಿ ಪುಟದ ಮೂಲೆಯಲ್ಲೂ ಬೆಳ್ಳಗೆ ಒಂದು ಹೆಬ್ಬೆಟ್ಟು. ಹೆಬ್ಬೆಟ್ಟು ಎಲ್ಲಿ ನಿಂತಿದೆಯೋ ಅಲ್ಲಿಗೆ ಆ ಪುಸ್ತಕದ ಕಥೆ ಮುಗಿಯಿತು ಅಂತಲೇ ಲೆಕ್ಕ.

ಏನು ಬೇಕು ಎಂಬುದರಲ್ಲಿ ಅವರಿಗೆ ಯಾವ ಗೊಂದಲವೂ ಇರಲಿಲ್ಲ. "ನೋಡಪಾ, ನಗು ಬರಬೇಕು, ಆದ್ರ ಹಲ್ಕಟ್ ನಗಿ ಬ್ಯಾಡ. ಅಳೋ ಕತಿ ಬ್ಯಾಡೇ ಬ್ಯಾಡ, ಅದು ಮನ್ಯಾಗೇ ರಗಡ ಅದ. ಮಂದಿ ನಮ್ಮಂಗ ಮಾತಾಡಬೇಕು. ಅಕ್ಷರ ದೊಡ್ಡು ಇರಬೇಕು."

ನಾಲ್ಕೇ ಷರತ್ತು. ನೆಹರು ಗಂಜ್ ಮಾರುಕಟ್ಟೆಗೆ ಹೋಗಿ ಬೇಳೆ ಕೇಳಿ ನೋಡಿ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಆದರೂ ಅಂಗಡಿಯವನು ಆ ಸರ್ಟಿಫಿಕೇಟನ್ನು ನಿಮ್ಮ ಮುಖಕ್ಕೆ ಹಿಡಿಯುವುದಿಲ್ಲ. "ಗಟ್ಟಿ ಬ್ಯಾಳಿಗೋ, ಸಾರಿಗೋ?" ಎಂದು ಕೇಳುತ್ತಾನೆ, ಒಂದು ಮುಷ್ಟಿ ತೆಗೆದು ಅಂಗೈಗೆ ಸುರಿಯುತ್ತಾನೆ. ಸಾಹಿತ್ಯದ ಗಂಜಿನಲ್ಲಿ ಮಾತ್ರ ಅಂಗೈಗೆ ಬೀಳುವುದು ಬರೀ ಸರ್ಟಿಫಿಕೇಟು.

ಮೊದಲು ಹೋದದ್ದು ಒಬ್ಬ ನಿವೃತ್ತ ಪ್ರಾಧ್ಯಾಪಕರ ಬಳಿ. ಅಪ್ಪನ ಕೆರೆಯ ದಂಡೆಯಲ್ಲಿ ಸಂಜೆಯ ವಾಕಿಂಗ್ ನಡೆಸಿದ್ದರು. ನಾನು ಮೊದಲನೇ ಷರತ್ತು ಹೇಳುತ್ತಿದ್ದಂತೆ ನಿಂತುಬಿಟ್ಟರು.

"ನಗೋದಾ? ಗಂಭೀರ ಸಾಹಿತ್ಯದಾಗ ನಗೋದೇನ್ರಿ? ಮಲೆಗಳಲ್ಲಿ ಮದುಮಗಳು ಕೊಡ್ರಿ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ! ಏನ್ ಮಾತ್ರೀ ಅದು!"

ಮಾತು ದೊಡ್ಡದೇ, ಸಂಶಯವಿಲ್ಲ. ಆದರೆ ಅದು ಕಾದಂಬರಿ ಶುರುವಾಗುವ ಮೊದಲೇ ಬರುವ ಮಾತು. ನನಗೊಂದು ಸಣ್ಣ ಗುಮಾನಿ ಬಂದು ಕೇಳಿದೆ: "ಹೌದ್ರಿ ಸರ್, ಅದರಾಗ ಹುಲಿಯ ಅಂದ್ರ ನನಗೂ ಭಾಳ ಇಷ್ಟ."

"ಬರ್ತದ, ಬರ್ತದ. ಮಲೆನಾಡಲ್ರೀ, ಹುಲಿ ಇರದೇ ಹ್ಯಾಂಗ?" ಎಂದರು.

ಹುಲಿಯ ಎಂಬುದು ಗುತ್ತಿಯ ನಾಯಿ. ಹೆಜ್ಜೆಹೆಜ್ಜೆಗೂ ಕಾದಂಬರಿಯಲ್ಲಿ ಓಡಾಡುವ ನಾಯಿ. ಆ ನಾಯಿಯಿಂದಾಗಿಯೇ ಒಡೆಯನಿಗೆ 'ನಾಯಿಗುತ್ತಿ' ಎಂಬ ಹೆಸರು ಅಂಟಿಕೊಂಡಿದೆ. ಇರಲಿ, ಹಿರಿಯರು. ನಾನು ಪುಸ್ತಕ ತಂದು ಕೊಟ್ಟೆ. ವೈನಿ ವಾರ ಓದಿ ಮಗುಚಿಟ್ಟರು.

"ಮಂದಿ ಛಲೋ ಅದಾರ. ನಾಯಿ ಅಂತೂ ಭಾಳ ಛಲೋ. ಆದ್ರ ಎಷ್ಟ್ ಮಳಿ ಅಪಾ! ಹಿಂಗ ಹಿಡದು ಹೊಡದ್ರ ತೊಗರಿಗೆ ನೆಟೆ ರೋಗ ಬರ್ತದ. ನನಗ ಓದಲಿಕ್ಕೇ ಆಗವಲ್ದು, ಹೊಲದ ಚಿಂತಿ ಹತ್ತತದ."

ಇದನ್ನು ಯಾವ ವಿಮರ್ಶಕನೂ ಬರೆದಿಲ್ಲ. ಹೊರಗೆ ಡಾಂಬರು ಚಪ್ಪಲಿಗೆ ಅಂಟುತ್ತಿದೆ, ಕರೆಂಟು ಹೋಗಿ ಕೂಲರ್ ಸತ್ತುಹೋಗಿದೆ, ಇಂಥ ಹೊತ್ತಿನಲ್ಲಿ ನಮ್ಮ ಕೈಗೆ ಬರುವ ಪಟ್ಟಿಗಳಲ್ಲೆಲ್ಲ ಕಂಬಳಿಕೊಪ್ಪೆ, ಇಂಬಳ, ಅಡಿಕೆ ತೋಟ. ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ನಮ್ಮ ಭಾಗದವರಿಗೆ ಮೀಸಲಾತಿ ಕೊಡಿಸುವ ಸಂವಿಧಾನದ 371(ಜೆ) ಬಂತು. ಕಪಾಟಿನಲ್ಲಿ ಎರಡು ಬಿಸಿಲಿನ ಕಾದಂಬರಿಗೆ ಜಾಗ ಕೊಡಿಸುವ ಕಲಮು ಮಾತ್ರ ಇನ್ನೂ ಬರಬೇಕು. ಬಂದರೂ ಅದಕ್ಕೆ ತಹಶೀಲ್ದಾರರ ಸಹಿ ಕೇಳುತ್ತಾರೆ, ಅದು ಬೇರೆ ಮಾತು.

ಎರಡನೆಯವರು ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೊಡುವ ಮಾಸ್ತರು. ಕಾದಂಬರಿ ಎಂದದ್ದೇ ತಡ, ಬೋರ್ಡಿನ ಕಡೆ ತಿರುಗಿದರು.

"ಇಲ್ಲೇ ನೋಡ್ರಿ ಮಂದಿ ಮಾರ್ಕ್ಸ್ ಕಳ್ಕೊಳ್ಳೋದು. ಕುವೆಂಪು ಅವರಿಗೆ ಜ್ಞಾನಪೀಠ 1967. ಮದುಮಗಳು ಪ್ರಕಟ ಆದದ್ದೂ 1967. ಆದ್ರ ಪ್ರಶಸ್ತಿ ಇದಕ್ಕಲ್ಲ, ರಾಮಾಯಣ ದರ್ಶನಂಗೆ! ಕಾರಂತರಿಗೆ ಬಂದದ್ದು 1977, ಮೂಕಜ್ಜಿಯ ಕನಸುಗಳಿಗೆ."

"ಸರ್, ಮೂಕಜ್ಜಿ ಛಲೋ ಅದ ಏನ್ರಿ? ನಮ್ಮ ವೈನಿಗೆ ಹಿಡಿಸ್ತದ?"

ಅವರು ನನ್ನನ್ನು ಮರುಕದಿಂದ ನೋಡಿದರು. "ಓದಲಿಕ್ಕೆ ಹೋಗಬ್ಯಾಡ್ರಿ. ಟೈಮ್ ಹೋಗ್ತದ."

ಪ್ರಾಮಾಣಿಕ ಮನುಷ್ಯ. ಈ ಇಡೀ ಪ್ರಕರಣದಲ್ಲಿ ನನಗೆ ಗೌರವ ಹುಟ್ಟಿಸಿದವರಲ್ಲಿ ಒಬ್ಬರು.

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದು ಎಲ್ಲರಿಗೂ ಗೊತ್ತು. "ಆ ಬೂಕರ್ ಕಾದಂಬರಿ ಕೊಡ್ರಿ" ಎಂದು ಹೇಳಿದವರು ಮೂವರು. ಅದು ಸಣ್ಣಕಥೆಗಳ ಪುಸ್ತಕ, ಆ ಪ್ರಶಸ್ತಿ ಒಂದು ಕಥಾಸಂಕಲನಕ್ಕೆ ಸಿಕ್ಕಿದ್ದೇ ಅದೇ ಮೊದಲು ಎಂದು ನಾನು ಹೇಳಿದ್ದಕ್ಕೆ ಒಬ್ಬರು, "ಇದ್ದೀತು, ದಪ್ಪ ಅದಲ್ಲ?" ಎಂದರು.

ಹೊಟ್ಟೆ ಉರಿದದ್ದು 'ಕರ್ವಾಲೊ' ವಿಷಯದಲ್ಲಿ. ಒಬ್ಬ ಹೈಸ್ಕೂಲು ಮೇಷ್ಟ್ರು ಖುದ್ದು ಮನೆಗೆ ಬಂದು ವೈನಿಗೇ ಹೇಳಿದರು: "ಇದು ಪರಿಸರ ಪ್ರಜ್ಞೆ ಮೂಡಿಸ್ತದ್ರಿ. ಮಾನವ ಮತ್ತು ನಿಸರ್ಗದ ಸಂಬಂಧವನ್ನು ವೈಜ್ಞಾನಿಕ ದೃಷ್ಟಿಯಿಂದ..." ವೈನಿ ಎದ್ದು ರೊಟ್ಟಿ ಎಣಿಸಲು ಹೋದರು. ಅಯ್ಯಾ ಪುಣ್ಯಾತ್ಮ, ಇಷ್ಟೇ ಹೇಳಬಾರದಿತ್ತೇ: ಒಬ್ಬ ವಿಜ್ಞಾನಿ, ಜೇನು ಕೀಳುವ ಮಂದಣ್ಣ ಎಂಬ ಒಬ್ಬ ಉಂಡಾಡಿ, ಕಿವಿ ಎಂಬ ಒಂದು ನಾಯಿ, ಇವರೆಲ್ಲ ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಅಲೆಯುತ್ತಾರೆ, ಓದುತ್ತ ಹೊಟ್ಟೆ ಹುಣ್ಣಾಗುತ್ತದೆ! ನಗುವಿನ ಷರತ್ತಿಗೆ ಅಳತೆ ಕೊಟ್ಟು ಹೊಲಿಸಿದಂಥ ಪುಸ್ತಕವನ್ನು ನಾಗರಿಕಶಾಸ್ತ್ರದ ಪಾಠ ಮಾಡಿ ಕೊಂದರು. ಇವತ್ತಿಗೂ ಅದು ನಮ್ಮ ಮನೆಯಲ್ಲಿ ಹೆಬ್ಬೆಟ್ಟಿಲ್ಲದೆ ಬಿದ್ದಿದೆ. ನಾನು ಏನು ಹೇಳಿದರೂ, "ಅದು ಪ್ರಜ್ಞಾ ಮೂಡಸೋದಲ್ಲ?" ಎನ್ನುತ್ತಾರೆ.

ಕೊನೆಗೆ ಅಣ್ಣನ ಮಗ ಫೋನು ತೆಗೆದ. "ಕಾಕಾ, ಇದಕ್ಕ ಕೇಳು. ಎಐ."

ಕೇಳಿದೆ. ಅದು ವಿನಯದಿಂದ ಮರುಪ್ರಶ್ನೆ ಹಾಕಿತು: ಓದುವವರ ವಯಸ್ಸೆಷ್ಟು? ಈ ಮೊದಲು ಇಷ್ಟಪಟ್ಟ ಪುಸ್ತಕ ಯಾವುದು? ನಗು ಎಂಥದ್ದಿರಬೇಕು? ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಷ್ಟೂ ಜನರ ಪೈಕಿ ವೈನಿಯ ರುಚಿ ಏನು ಎಂದು ಕೇಳಿದ್ದು ಈ ಯಂತ್ರ ಒಂದೇ. ಎಲ್ಲ ಕೇಳಿಕೊಂಡು ಒಂದು ಕಾದಂಬರಿ ಹೇಳಿತು. ಬಿಸಿಲ ನಾಡಿನದು, ನಗಿಸುತ್ತದೆ, ಆಡುಭಾಷೆಯಲ್ಲಿದೆ. ಲೇಖಕರ ಹೆಸರು, ಇಸವಿ, ಕಥಾಸಾರ ಎಲ್ಲ ಕೊಟ್ಟಿತು. ನಾಲ್ಕು ದಿನ ಹುಡುಕಿದ ಮೇಲೆ ತಿಳಿಯಿತು: ಅಂಥ ಕಾದಂಬರಿಯೇ ಇಲ್ಲ. ಲೇಖಕರೂ ಇಲ್ಲ. ಅದರ ಹೆಸರನ್ನು ಇಲ್ಲಿ ಬರೆಯಲಾರೆ, ಬರೆದರೆ ನಾಳೆ ಯಾರಾದರೂ ಪ್ರಶಸ್ತಿ ಕೊಟ್ಟಾರು.

ಆದರೆ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಸಂಜೆ ಅಪ್ಪನ ಕೆರೆಗೆ ಹೋಗಿ ಅದೇ ಪ್ರಾಧ್ಯಾಪಕರನ್ನು ಹಿಡಿದು, ಇಲ್ಲದ ಆ ಕಾದಂಬರಿಯ ಹೆಸರು ಹೇಳಿ, "ಓದೀರೇನ್ರಿ ಸರ್?" ಎಂದೆ.

ಅವರು ಆಕಾಶ ನೋಡಿದರು. "ಹಾಂ, ಹಾಂ. ಓದೀನಿ. ಭಾಳ ವರ್ಷ ಆಯ್ತು." ಎರಡು ಹೆಜ್ಜೆ ನಡೆದು ಕನ್ನಡಕ ಸರಿಮಾಡಿಕೊಂಡರು. "ಎರಡನೇ ಭಾಗ ಜರಾ ಸಡಿಲ ಅದ."

ಮಾತು ಬಿಟ್ಟದ್ದು ಇವರ ಜೊತೆಗೇ. ಈಗ ಯೋಚಿಸಿದರೆ ಅವರ ತಪ್ಪೇನೂ ಇಲ್ಲ ಅನಿಸುತ್ತದೆ, ಇದು ಮಣ್ಣಿನ ಗುಣ. ಇಲ್ಲಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯ 'ಕವಿರಾಜಮಾರ್ಗ'ದಲ್ಲಿ ಈ ನಾಡವರನ್ನು ಹೊಗಳಿದ್ದಾನಲ್ಲ, 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್' ಎಂದು. ಓದು ಕಲಿಯದಿದ್ದರೂ ಕಾವ್ಯ ಬಲ್ಲ ಜಾಣರು ಎಂದು ಅವನು ಹೇಳಿದ್ದು. ನಮ್ಮ ಪಂಡಿತರು ಅದನ್ನು ಲೈಸೆನ್ಸ್ ಎಂದು ತಿಳಿದು ಫ್ರೇಮು ಹಾಕಿಸಿಟ್ಟುಕೊಂಡಿದ್ದಾರೆ. ಆಡಿದ ಮಾತನ್ನು ಅರಿತು ವಿಚಾರಿಸಬಲ್ಲರು ಎಂದೂ ಅದೇ ಪದ್ಯದಲ್ಲಿದೆ, ಅದಕ್ಕೆ ಯಾರೂ ಫ್ರೇಮು ಹಾಕಿಸಿಲ್ಲ. 2020ರ ಫೆಬ್ರವರಿಯಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಮ್ಮೂರಲ್ಲೇ, ವಿಶ್ವವಿದ್ಯಾಲಯದ ಆವರಣದಲ್ಲೇ ಆಯಿತು. ವೈನಿಯೂ ಬಂದಿದ್ದರು. ಪುಸ್ತಕದ ರಾಶಿಯ ಮುಂದೆ ಅವರಿಗೆ ಎದುರಾದ ಪ್ರಶ್ನೆ ಒಂದೇ: "ಚೀಲ ಬೇಕೇನ್ರಿ?"

ಇಷ್ಟಾದ ಮೇಲೆ ಮೊನ್ನೆ ಹೋದಾಗ ವೈನಿ ಓದುತ್ತ ಕೂತಿದ್ದರು. ನಾನು ತಂದದ್ದಲ್ಲ. ರೊಟ್ಟಿ ಒಯ್ಯಲು ಬರುವ ಹಾಸ್ಟೆಲ್ ಹುಡುಗಿಯೊಬ್ಬಳು ಲೈಬ್ರರಿಯಿಂದ ತಂದುಕೊಟ್ಟಿದ್ದಳಂತೆ. ಉದ್ರಿ ಕೇಳಿದ ಗಿರಾಕಿಯನ್ನು ವೈನಿ ಝಾಡಿಸುವುದನ್ನು ಅವಳು ದಿನಾ ಕೇಳುತ್ತಾಳೆ. "ಅಮ್ಮಾ, ಇದ್ರಾಗ ನಿಮ್ಮಂಗೇ ಬೈತಾರ್ರಿ, ಓದ್ರಿ" ಎಂದು ಕೊಟ್ಟು ಹೋದಳಂತೆ.

ತಿರುಗಿಸಿ ನೋಡಿದೆ. 'ಬದುಕು'. ಗೀತಾ ನಾಗಭೂಷಣ. ಇದೇ ಜಿಲ್ಲೆಯ ಸಾವಳಗಿಯವರು. ಈ ಕಾದಂಬರಿಗೇ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಕನ್ನಡದ ಲೇಖಕಿಯೊಬ್ಬರಿಗೆ ಅದು ಬಂದದ್ದು ಅದೇ ಮೊದಲು. ನಾನು ಸುತ್ತಿದ ಅರ್ಧ ಕಲಬುರಗಿಯಲ್ಲಿ ಒಬ್ಬರ ಬಾಯಲ್ಲೂ ಈ ಹೆಸರು ಬರಲಿಲ್ಲ. ನನ್ನ ಬಾಯಲ್ಲೂ ಬಂದಿರಲಿಲ್ಲ, ಅದನ್ನೂ ಬರೆದುಬಿಡುತ್ತೇನೆ.

"ವೈನಿ, ಇದು ನಗೋದಲ್ರಿ. ಭಾಳ ಅಳೋದದ ಇದ್ರಾಗ."

"ಅದ. ಆದ್ರ ನಮ್ಮ ಭಾಷಾದಾಗ ಅಳ್ತಾರ. ನಡೀತದ."

ಅಕ್ಷರವೂ ಸಣ್ಣದು. ಕನ್ನಡಕದ ಮೇಲೆ ಅಣ್ಣನ ಕನ್ನಡಕ ಹಿಡಿದುಕೊಂಡು ಓದುತ್ತಿದ್ದರು. ಪುಟದ ಮೂಲೆಗಳಲ್ಲಿ ಸಾಲಾಗಿ ಹಿಟ್ಟಿನ ಹೆಬ್ಬೆಟ್ಟು, ಅರ್ಧ ಪುಸ್ತಕ ದಾಟಿತ್ತು.

"ಲೈಬ್ರರಿ ಪುಸ್ತಕ ಅದು ವೈನಿ! ಆ ಹುಡುಗಿಗೆ ದಂಡ ಹಾಕ್ತಾರ."

ವೈನಿ ಹೆಬ್ಬೆರಳು ನೆಕ್ಕಿ ಪುಟ ತಿರುವಿದರು. "ಇರ್ಲಿ ಬಿಡು. ಮುಂದ ತಗೊಂಡೋರಿಗೆ ಗೊತ್ತಾಗ್ತದ, ಯಾರೋ ಇಲ್ಲೀತನಕ ಖರೇನೇ ಓದ್ಯಾರ ಅಂತ."