ಪರ್ಮಿಷನ್ ಕೇಳಿದ್ದೇ ತಪ್ಪಾಯ್ತಾ?

ನಮ್ಮ ಕಡೆಯ ಒಂದು ಜಾತ್ರೆಯ ವಿಡಿಯೊ ಕೆಲಸ ಈ ಸಲ ನನಗೆ ಸಿಕ್ಕಿತ್ತು. ತೇರು ಎಳೆಯುವಾಗ ಮೇಲಿನಿಂದ ಡ್ರೋನ್ ಶಾಟ್ ಬೇಕೇ ಬೇಕು ಅಂತ ಕಮಿಟಿಯವರು ಮೊದಲೇ ಹೇಳಿದ್ದರು. ಸರಿ ಅಂತ ಪರ್ಮಿಷನ್‌ಗೆ ಓಡಾಡಿದೆ. ಠಾಣೆಯಲ್ಲಿ "ಡಿಸಿ ಆಫೀಸಿಗೆ ಹೋಗಿ" ಅಂದರು. ಅಲ್ಲಿ "ಇದು ಎಸ್‌ಪಿ ಆಫೀಸಿಗೆ ಸೇರಿದ್ದು" ಅಂದರು. ಎಸ್‌ಪಿ ಆಫೀಸಿನಲ್ಲಿ ಅರ್ಜಿ ತಗೊಂಡು, ಸೀಲ್ ಒತ್ತಿ, "ಠಾಣೆಯಿಂದ ರಿಪೋರ್ಟ್ ಬರಲಿ" ಅಂದರು! ತೇರಿನ ಹಿಂದಿನ ಸಂಜೆ ಉತ್ತರ ಬಂತು. ಜನ ಸೇರುವ ಕಡೆ ಡ್ರೋನ್ ನಿಷೇಧ, ಹಾರಿಸಿದರೆ ಕೇಸು, ಡ್ರೋನ್ ಜಪ್ತಿ.

ಆಯ್ತಪ್ಪ. ಡ್ರೋನನ್ನು ಬ್ಯಾಗಲ್ಲೇ ಬಿಟ್ಟು, ಕ್ಯಾಮೆರಾ ಹಿಡಿದು ಒಬ್ಬರ ಮನೆಯ ಮಾಳಿಗೆ ಹತ್ತಿದೆ.

ತೇರು ಇನ್ನೂ ನಾಲ್ಕು ಮಾರು ಕದಲಿರಲಿಲ್ಲ, ತಲೆ ಮೇಲೆ ಗುಂಯ್ ಅಂತ ಸದ್ದು. ಒಂದಲ್ಲ, ಮೂರು ಡ್ರೋನ್! ಒಂದು ಯಾರೋ ಮುಖಂಡರ ಹಿಂದೆ ತಿರುಗುವ ಹುಡುಗರದ್ದು. ಇನ್ನೊಂದು ರೀಲ್ಸ್ ಮಾಡುವವನದ್ದು. ಮೂರನೆಯದು ಯಾರದ್ದೋ ದೇವರಿಗೇ ಗೊತ್ತು. ಕೆಳಗೆ ಹಗ್ಗ ಹಿಡಿದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಕಾಲಿಡಲು ಜಾಗವಿಲ್ಲ. ತೇರಿಗೆ ಬಾಳೆಹಣ್ಣಿಗೆ ದವನ ಸಿಕ್ಕಿಸಿ ಎಸೆಯುತ್ತಾರಲ್ಲ, ಅದರಲ್ಲಿ ಒಂದು ಹಣ್ಣು ಸರಿಯಾಗಿ ಹೋಗಿ ಒಂದು ಡ್ರೋನಿಗೆ ಬಡಿಯಿತು. ಅದು ಓಲಾಡಿ, ಪಕ್ಕಕ್ಕೆ ವಾಲಿ, ಜನರ ತಲೆಯ ಹತ್ತಿರಕ್ಕೇ ಇಳಿದು, ಹೇಗೋ ಸುಧಾರಿಸಿಕೊಂಡು ಮೇಲೆದ್ದಿತು. ಜನ ಶಿಳ್ಳೆ ಹೊಡೆದರು! ಒಳಗೆ ಲಿಥಿಯಂ ಬ್ಯಾಟರಿ, ಸುತ್ತ ಗಿರಗಿರ ತಿರುಗುವ ನಾಲ್ಕು ರೆಕ್ಕೆ. ಯಾವುದಾದರೂ ಮಗುವಿನ ಮುಖಕ್ಕೆ ಬಿದ್ದಿದ್ದರೆ ಆಗಲೂ ಶಿಳ್ಳೆ ಹೊಡೀತಿದ್ರಾ?

ಬಂದೋಬಸ್ತಿನಲ್ಲಿದ್ದ ಪೊಲೀಸರೊಬ್ಬರಿಗೆ ತೋರಿಸಿದೆ. "ಈ ಗುಂಪಲ್ಲಿ ಯಾರು ಹಾರಿಸ್ತಿದ್ದಾರೆ ಅಂತ ಎಲ್ಲಿ ಹುಡುಕೋದು ಹೇಳಿ" ಅಂದರು. ಹೌದು, ಅವರನ್ನು ಹುಡುಕುವುದು ಕಷ್ಟ. ನನ್ನನ್ನು ಹುಡುಕುವುದು ಸುಲಭ. ಹೆಸರು, ಫೋನ್ ನಂಬರ್, ಆಧಾರ್, ಡ್ರೋನಿನ ನೋಂದಣಿ ಸಂಖ್ಯೆ ಎಲ್ಲವನ್ನೂ ನಾನೇ ಬರೆದು ಕೊಟ್ಟಿದ್ದೇನಲ್ಲ.

ನಿಷೇಧವೇ ಬೇಡ ಅಂತ ನಾನು ಹೇಳುತ್ತಿಲ್ಲ. ಅಷ್ಟು ಜನರ ನೆತ್ತಿ ಮೇಲೆ ಡ್ರೋನ್ ಬೇಡವೇ ಬೇಡ. ಆದರೆ ಕಾನೂನು ಅಂದ ಮೇಲೆ ಎಲ್ಲರಿಗೂ ಇರಬೇಕು ತಾನೇ? 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂಗಿಂತ ಜಾಸ್ತಿ ತೂಕದ ಡ್ರೋನಿನಲ್ಲಿ ದುಡಿಯಬೇಕಾದರೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬೇಕು. ತಪ್ಪಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಕೆಲಸ ಬಿಟ್ಟು ತರಬೇತಿಗೆ ಹೋಗಿ ಎಲ್ಲ ಮಾಡಿಸಿದೆ. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದೂ ಬಂದ್. ಸಾಲ ಮಾಡಿ ಇಲ್ಲಿ ತಯಾರಾದದ್ದನ್ನೇ ಕೊಂಡೆ. ನನ್ನ ಸುತ್ತ ಮದುವೆ ಮನೆಗಳಲ್ಲಿ ಹಾರುವುದು ಮಾತ್ರ ಇವತ್ತಿಗೂ ಚೀನಾದ್ದೇ. ಬಿಲ್ ಕೇಳಬೇಡಿ.

ಇನ್ನೊಂದು ತಮಾಷೆ. ಎಲ್ಲಿ ಡ್ರೋನ್ ಹಾರಿಸಬಹುದು ಅಂತ ತೋರಿಸುವ, ಸರ್ಕಾರದ್ದೇ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾತ್ರೆ ಬಯಲು ಹಸಿರು. ಹಸಿರು ವಲಯ ಅಂದರೆ 400 ಅಡಿವರೆಗೆ ಯಾರ ಅನುಮತಿಯೂ ಬೇಡ. ಜಾತ್ರೆ, ಸಮಾವೇಶ ಇದ್ದಾಗ ಅದೇ ನಕ್ಷೆಯಲ್ಲಿ ತಾತ್ಕಾಲಿಕ ಕೆಂಪು ವಲಯ ಅಂತ ಗುರುತು ಹಾಕಲು ಪೊಲೀಸರಿಗೆ ನಿಯಮದಲ್ಲೇ ಅವಕಾಶ ಇದೆ. ಹಾಕಿದ್ದರೆ ಹಾರಿಸುವ ಮುಂಚೆ ನೋಡುವವರಿಗಾದರೂ ತಿಳಿಯುತ್ತಿತ್ತು. ಇಲ್ಲಿ ಆಗಿದ್ದು ಒಂದು ಹಾಳೆ, ಒಂದು ಸಹಿ, ನೋಟಿಸ್ ಬೋರ್ಡಿಗೆ ಗೋಂದು. ಅಂಥ ಹಾಳೆಯಲ್ಲಿ ಮುಂಚೆ 144ನೇ ಸೆಕ್ಷನ್ ಅಂತ ಇರುತ್ತಿತ್ತು, ಈಗ ಅದರ ಬದಲಿಗೆ ಬಂದ ಹೊಸ ಕಾನೂನಿನ ಬಿಎನ್‌ಎಸ್‌ಎಸ್ 163 ಅಂತ ಇರುತ್ತದೆ. ಬದಲಾಗಿದ್ದು ಅಷ್ಟೇ.

ಮನಸ್ಸಿದ್ದರೆ ಮಾಡೋಕಾಗುತ್ತೆ. 2024ರ ಮೈಸೂರು ದಸರಾದಲ್ಲಿ ಬನ್ನಿಮಂಟಪದ ಮೈದಾನದಲ್ಲಿ ಸಾವಿರಕ್ಕೂ ಹೆಚ್ಚು ಡ್ರೋನ್ ಒಟ್ಟಿಗೆ ಹಾರಲಿಲ್ವಾ? ಜಾತ್ರೆಗೆ ಅಷ್ಟೆಲ್ಲ ಬೇಡ. ಬಯಲಿನ ಒಂದು ಬದಿಗೆ, ಜನ ಇಲ್ಲದ ಕಡೆ, ಸರ್ಟಿಫಿಕೇಟ್ ಇರುವ ಒಬ್ಬರಿಗೆ ಜಾಗ ಗುರುತು ಮಾಡಿ ಕೊಡಿ. ಉಳಿದವರದ್ದು ಮೇಲೆದ್ದರೆ ಜಪ್ತಿ ಮಾಡಿ. ಅದನ್ನು ಬಿಟ್ಟು ಅರ್ಜಿ ಕೊಟ್ಟವನಿಗೆ ಮಾತ್ರ ಕೇಸಿನ ಹೆದರಿಕೆ ಹಾಕುವುದು ಯಾವ ಸೀಮೆ ನ್ಯಾಯ?

ಈಗ ಆ ರೀಲ್ಸ್ ಹುಡುಗನ ವಿಡಿಯೊ ಊರಿನವರೆಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲಿದೆ. ಕಮಿಟಿಯವರು ಅದನ್ನೇ ನನಗೆ ಕಳಿಸಿ, "ಇವನಿಗೆ ಆಗಿದ್ದು ನಿಮಗ್ಯಾಕೆ ಆಗಲಿಲ್ಲ?" ಅಂತ ಕೇಳಿದ್ದಾರೆ. ಡ್ರೋನ್ ಶಾಟ್ ಇಲ್ಲ ಅಂತ ಮಾತಾಡಿದ ದುಡ್ಡಲ್ಲಿ ಎಂಟು ಸಾವಿರ ಕಟ್. ಮಿಕ್ಕಿದ್ದೂ ಇನ್ನೂ ಬಂದಿಲ್ಲ.