ಸ್ವಾರಸ್ಯಕ್ಕೆ ಒಂದು ಮಾರ್ಕ್ಸ್

ನಮ್ಮ ಬೆಳ್ಳಂದೂರಿನ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ಪೇಪರ್ ತರಿಸುವ ಮನೆ ನಮ್ಮದೊಂದೇ ಎಂಬ ಸುದ್ದಿ ಹೇಗೋ ಹಬ್ಬಿಬಿಟ್ಟಿದೆ. ಹಾಗಾಗಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತಕ್ಕೆ ಟ್ಯೂಷನ್, ವಿಜ್ಞಾನಕ್ಕೆ ಕೋಚಿಂಗ್, ಕನ್ನಡಕ್ಕೆ ಮೂರನೇ ಮಹಡಿ ಅಂಕಲ್.

ಈ ಸಲ ಬಂದವಳು ಎದುರುಮನೆ ಹುಡುಗಿ. ಸಂದರ್ಭ ಸಹಿತ ಸ್ವಾರಸ್ಯ ಬರೆಯುವುದು ಹೇಗೆಂದು ಕೇಳಿದಳು. ಆಯ್ಕೆ, ಸಂದರ್ಭ ಎರಡೂ ಅವಳಿಗೆ ನೀರು ಕುಡಿದಷ್ಟು ಸಲೀಸು. ಮೂರನೆಯದಕ್ಕೆ ಗೈಡಿನ ಒಂದೇ ವಾಕ್ಯ: 'ಕವಿಯ ಮಾತು ಇಲ್ಲಿ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ.' ಏನು ಸ್ವಾರಸ್ಯ ಎಂದು ಮಾತ್ರ ಕೇಳಬಾರದು. ರನ್ನನಿಗೂ ಸೈ, ಕುಮಾರವ್ಯಾಸನಿಗೂ ಸೈ, ಕರೆಂಟ್ ಬಿಲ್ಲಿಗೂ ಸೈ.

ನನಗೆ ತಡೆಯಲಾಗಲಿಲ್ಲ. ರನ್ನನ ಗದಾಯುದ್ಧವನ್ನೇ ತೆಗೆದೆ. ದುರ್ಯೋಧನ ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದೊಳಗೆ ಅಡಗಿದ್ದಾನೆ. ದಡದ ಮೇಲೆ ಭೀಮ ಗರ್ಜಿಸುತ್ತಾನೆ. ಅದು ಕಿವಿಗೆ ಬಿದ್ದದ್ದೇ ತಡ, ಸಿಟ್ಟು ನೆತ್ತಿಗೇರಿ, ನೀರೊಳಗಿದ್ದೂ ದುರ್ಯೋಧನ ಬೆವರುತ್ತಾನೆ! ಕಾವ್ಯದ ನಾಯಕ ಭೀಮನಾದರೂ ರನ್ನ ಈ ಛಲಗಾರನನ್ನು ಎಷ್ಟು ಮೇಲೆತ್ತಿದ್ದಾನೆ ನೋಡು ಎಂದು ಕೈಬೀಸಿ ಬೀಸಿ ಹೇಳಿದೆ. ಕಾಫಿ ಆರಿಹೋಯಿತು.

ಅವಳು ಪೆನ್ನು ಕಚ್ಚುತ್ತಾ ಕೇಳಿದಳು:

"ನೀರೊಳಗೆ ಬೆವರಿದ್ದು ಅಂತ ಹೇಗೆ ಗೊತ್ತಾಯ್ತು ಅಂಕಲ್? ಎಲ್ಲಾ ಒದ್ದೆನೇ ಅಲ್ವಾ?"

ಇಂಥ ಪ್ರಶ್ನೆಗೆ ಯಾವ ಗೈಡಿನಲ್ಲೂ ಉತ್ತರವಿಲ್ಲ, ನನ್ನ ಹತ್ತಿರವೂ ಇರಲಿಲ್ಲ. "ಅದೇ ಕಣಮ್ಮ ಸ್ವಾರಸ್ಯ, ನೀನೇ ಯೋಚಿಸಿ ನಿನ್ನ ಮಾತಲ್ಲೇ ಬರಿ" ಎಂದು ಜಾರಿಕೊಂಡೆ.

ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅದೇ ವಾಕ್ಯ ಬರಬೇಕೇ! ಅವಳು ಯೋಚಿಸಿಯೇ ಬರೆದಿದ್ದಳು: 'ದುರ್ಯೋಧನ ಬೆವರಿದ್ದರಲ್ಲಿ ಆಶ್ಚರ್ಯವೇನಿಲ್ಲ. 2017ರಲ್ಲಿ ನಮ್ಮ ಬೆಳ್ಳಂದೂರು ಕೆರೆಗೇ ಬೆಂಕಿ ಬಿದ್ದಿತ್ತು. ಕೆರೆಯೇ ಹೊತ್ತಿ ಉರಿಯುವಾಗ ಒಳಗಿದ್ದವನು ಬೆವರದೆ ಇರುತ್ತಾನೆಯೇ? ನೊರೆ ಇದ್ದಿದ್ದರೆ ಭೀಮನಿಗೆ ಅವನು ಕಾಣುತ್ತಲೂ ಇರಲಿಲ್ಲ.'

ಆಯ್ಕೆಗೆ ಒಂದು, ಸಂದರ್ಭಕ್ಕೆ ಒಂದು, ಸ್ವಾರಸ್ಯಕ್ಕೆ ದುಂಡನೆಯ ಸೊನ್ನೆ. ಇಡೀ ಉತ್ತರಪತ್ರಿಕೆಯಲ್ಲಿ ಸ್ವಾರಸ್ಯ ಅಂತ ಇದ್ದದ್ದೇ ಅಲ್ಲಿ!

ಸಂಜೆ ಅವಳ ತಾಯಿ ಬಾಗಿಲಿಗೆ ಬಂದರು. ಕೈಯಲ್ಲಿ ಉತ್ತರಪತ್ರಿಕೆ.

"ಸರ್, ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ಇವಳಿಗೆ ಅರ್ಥ ಹೇಳ್ಕೊಡೋದು ಬೇಡ, ಬರೀ ಆನ್ಸರ್ ಹೇಳ್ಕೊಡಿ ಸಾಕು."