ಒಂದ್ ಸಲ ಮುಚ್ಚಳ ತೆಗೀಲಾ?

ಮನೆಯಲ್ಲಿ ಬಿಯರ್ ಮಾಡುವುದು ಬಹಳ ಸುಲಭ ಎಂದು ಬರೆಯುತ್ತಾರಲ್ಲ, ಅವರ ಮನೆಯಲ್ಲಿ ಬಾಟಲಿ ತೊಳೆಯುವವರು ಬೇರೆ ಯಾರೋ ಇರಬೇಕು. ಇದನ್ನು ಬರೆಯುವಾಗಲೂ ನನ್ನ ಉಗುರಿನ ಸಂದಿಯಲ್ಲಿ ಲೇಬಲ್ಲಿನ ಗೋಂದು ಕೂತಿದೆ. ನೀರು, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸ್ (ಕಹಿ ಕೊಡುವ ಒಂದು ಹೂವು), ಯೀಸ್ಟ್, ನಾಲ್ಕೇ ಸಾಮಾನು ಅಂತಾರೆ. ಬ್ರಷ್ ಎಂಬ ಐದನೆಯದರ ಸುದ್ದಿಯನ್ನೇ ಎತ್ತುವುದಿಲ್ಲ. 20 ಲೀಟರ್ ಬಿಯರಿಗೆ 330 ಮಿಲಿಲೀಟರಿನ ಬಾಟಲಿಗಳಾದರೆ ಹತ್ತಿರ ಹತ್ತಿರ 60 ಬೇಕು. ಕೆಲವು ಲೇಬಲ್ಲುಗಳು ವಾಷಿಂಗ್ ಸೋಡಾ ನೀರಿನಲ್ಲಿ ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ತಾವೇ ಕಳಚಿ ತೇಲುತ್ತವೆ. ಇನ್ನು ಕೆಲವು ಏನು ಮಾಡಿದರೂ ಬಿಡುವುದಿಲ್ಲ.

ತೊಳೆದರೆ ಮುಗಿಯಿತು ಅನ್ನುವ ಹಾಗೂ ಇಲ್ಲ. ಕೊಳೆ ಹೋಗುವುದು ಬೇರೆ, ಕ್ರಿಮಿ ಸಾಯುವುದು ಬೇರೆ. ಮೊದಲು ತೊಳೆದು, ಆಮೇಲೆ ಸ್ಯಾನಿಟೈಸರ್‌ನಲ್ಲಿ ಅದ್ದಬೇಕು. ಬಾಟಲಿ, ಪೈಪು, ಚಮಚ, ಮುಚ್ಚಳ, ಎಲ್ಲವನ್ನೂ.

"ಇಷ್ಟೆಲ್ಲ ಯಾಕೋ? ಆಲ್ಕೋಹಾಲೇ ಕ್ರಿಮಿ ಕೊಲ್ಲುತ್ತಲ್ಲ" ಎಂದರು ಭಾವ. ಕುರ್ಚಿಯಲ್ಲಿ ಕಾಲು ಚಾಚಿಕೊಂಡೇ ಹೇಳಿದರು. ತಮ್ಮ ಮನೆಯ ರಿಪೇರಿ ಮುಗಿಯುವವರೆಗೆ ಅಕ್ಕ, ಭಾವ ಇಬ್ಬರೂ ನಮ್ಮಲ್ಲೇ ಇದ್ದಾರೆ. ಭಾವ, ಬಿಯರ್‌ನಲ್ಲಿ ಇರುವ ಶೇಕಡಾ 5ರಷ್ಟು ಆಲ್ಕೋಹಾಲಿಗೆಲ್ಲ ಹೆದರದ ಬ್ಯಾಕ್ಟೀರಿಯಾಗಳೂ ಇವೆ, ಹೊಕ್ಕರೆ ಪೂರ್ತಿ ಹುಳಿ ಮಾಡಿಬಿಡುತ್ತವೆ ಎಂದೆ. "ಹಂಗಾ" ಎಂದು ಫೋನು ನೋಡಿದರು.

ಮಾಲ್ಟಿನ ರಸಕ್ಕೆ ಹಾಪ್ಸ್ ಹಾಕಿ ಒಂದು ಗಂಟೆ ಕುದಿಸಿ, 20 ಡಿಗ್ರಿಗೆ ತಣಿಸಿ, ಯೀಸ್ಟ್ ಹಾಕಿ ಮುಚ್ಚಿದ್ದಾಯಿತು. ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಭಾವನ ಕೆಲಸ ಶುರುವಾಯಿತು.

ಫರ್ಮೆಂಟರ್, ಅಂದರೆ ಬಿಯರ್ ಹುದುಗುವ ಪಾತ್ರೆ, ಅದರ ಮೇಲೆ ಏರ್‌ಲಾಕ್ ಅಂತ ಒಂದು ಚಿಕ್ಕ ಸಾಧನ ಇರುತ್ತದೆ. ಒಳಗೆ ಯೀಸ್ಟ್ ಸಕ್ಕರೆ ತಿಂದು ಬಿಡುವ ಗ್ಯಾಸು ಏರ್‌ಲಾಕಿನ ನೀರಿನೊಳಗಿಂದ ಗುಳುಕ್ ಎಂದು ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಯೀಸ್ಟಿಗೆ ಚುರುಕಾಗಲು ಅರ್ಧ ದಿನ, ಕೆಲವೊಮ್ಮೆ ಒಂದು ದಿನವೇ ಬೇಕು. ಅಷ್ಟರಲ್ಲೇ ಭಾವ "ನಿನ್ನ ಯೀಸ್ಟ್ ಸತ್ತೋಗಿದೆ" ಎಂದು ಸಾರಿದರು. ಮರುದಿನ ನೊರೆ ಎದ್ದಿತು. "ಉಕ್ತಾ ಇದೆ, ಕೆಟ್ಟೋಗಿದೆ." ಆಮೇಲೆ ಕುರ್ಚಿಯನ್ನು ಅಲ್ಲೇ ಹಾಕಿಕೊಂಡು, ನಿಮಿಷಕ್ಕೆ ಎಷ್ಟು ಗುಳುಕ್ ಎಂದು ಫೋನಿನಲ್ಲಿ ಲೆಕ್ಕ ಹಿಡಿದರು. ಊಟಕ್ಕೆ ಕೂತಾಗ ಅದನ್ನೇ ವಾರ್ತೆಯಂತೆ ಓದುವುದು. ಗುಳುಕ್ ನಿಧಾನವಾಯಿತೋ, ಬಂತು ಪ್ರಶ್ನೆ: "ಒಂದ್ ಸಲ ಮುಚ್ಚಳ ತೆಗೀಲಾ?"

ಬೇಡ ಎಂದೆ. ಗಾಳಿ ಸೋಕಿದರೆ ಬಿಯರಿಗೆ ಒದ್ದೆ ರಟ್ಟಿನ ರುಚಿ ಬರುತ್ತದೆ ಎಂದು ಬಿಡಿಸಿ ಹೇಳಿದೆ. ತೊಟ್ಟಿಲಲ್ಲಿ ಮಗು ಮಲಗಿದೆ ಅಂದರೂ ಕೆನ್ನೆ ಹಿಂಡಿ ಎಬ್ಬಿಸಿಯೇ ಹೋಗುವ ನೆಂಟರಿರುತ್ತಾರಲ್ಲ, ಅವರಿಗೆ ಕಾರಣ ಹೇಳಿ ಏನು ಪ್ರಯೋಜನ?

ರಾತ್ರಿ ನೀರು ಕುಡಿಯಲು ಎದ್ದರೆ ಮೂಲೆಯಲ್ಲಿ ಟಾರ್ಚಿನ ಬೆಳಕು. ಮುಚ್ಚಳ ಕೈಯಲ್ಲಿ, ಭಾವನ ತಲೆ ಫರ್ಮೆಂಟರಿನೊಳಗೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ದೀರ್ಘವಾಗಿ ಮೂಸಿದರು. ಅಲ್ಲಿ ತುಂಬಿರುವುದು ಇಂಗಾಲದ ಡೈಆಕ್ಸೈಡ್. ಮೂಸಿದರೆ ಮೂಗು ಉರಿದುಹೋಗುತ್ತದೆ. "ಅಯ್ಯಯ್ಯೋ" ಎಂದು ತಲೆ ಕೊಡವಿದರು. ಕೊಡವಿದ ರಭಸಕ್ಕೆ ಕನ್ನಡಕ ಜಾರಿ ಬುಳುಕ್ ಎಂದಿತು.

ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ನಿಂತೆವು. ಆಮೇಲೆ ಭಾವ ತೋಳು ಮಡಿಚತೊಡಗಿದರು. ಕೈ ಹಾಕಿದರೆ ಅಕ್ಕನನ್ನು ಕೂಗುತ್ತೇನೆ ಎಂದೆ. ನಿಂತರು.

ಕನ್ನಡಕ ಅಲ್ಲೇ ಉಳಿಯಿತು. ಭಾವನಿಗೂ ಈಗ ಬಿಯರ್ ಬೇಗ ಆಗಬೇಕಿತ್ತು, ನನಗಿಂತ ಜಾಸ್ತಿ. ಹೈಡ್ರೋಮೀಟರ್ ಅಂತ ಒಂದಿದೆ, ಸಕ್ಕರೆ ಕರಗುತ್ತಾ ಹೋದ ಹಾಗೆ ಅದರ ಅಂಕಿ ಇಳಿಯುತ್ತದೆ. ಹಳೇ ಕನ್ನಡಕ ಹಾಕಿಕೊಂಡು ಅದನ್ನು ಓದಿ "1.010, ಮುಗೀತು!" ಅನ್ನುವರು. ನಾನು ನೋಡಿದರೆ 1.018. ಎರಡು ಮೂರು ದಿನ ಒಂದೇ ಅಂಕಿ ನಿಲ್ಲಬೇಕು. ಅದಕ್ಕೂ ಮುಂಚೆ ಬಾಟಲಿಗೆ ತುಂಬಿದರೆ ಉಳಿದ ಸಕ್ಕರೆ ಒಳಗೇ ಹುದುಗಿ, ಗ್ಯಾಸು ಹೆಚ್ಚಾಗಿ, ಬಾಟಲಿಯೇ ಒಡೆಯಬಹುದು. ತುಂಬುವ ದಿನ, ಬಾಟಲಿಯಲ್ಲಿ ಬೇಕಾದಷ್ಟೇ ಗ್ಯಾಸು ಹುಟ್ಟಲೆಂದು ಲೀಟರಿಗೆ 6 ಗ್ರಾಂ ಲೆಕ್ಕದಲ್ಲಿ ಸಕ್ಕರೆ ತೂಗುತ್ತಿದ್ದರೆ "ಇನ್ನೊಂದ್ ಚಮಚ ಹಾಕೋ, ಕಂಜೂಸ್ ಮಾಡ್ಬೇಡ" ಅಂದದ್ದೂ ಇವರೇ.

ಪೈಪಿನಲ್ಲಿ ಬಿಯರ್ ಇಳಿಸಿದ ಮೇಲೆ ತಳದ ಗಸಿಯಲ್ಲಿ ಕನ್ನಡಕ ಸಿಕ್ಕಿತು. ಆ ಗಸಿಯಲ್ಲಿ ಇರುವುದು ಹೆಚ್ಚಾಗಿ ಯೀಸ್ಟೇ. ಹಗಲು ರಾತ್ರಿ ದುಡಿದು, ಸಕ್ಕರೆ ಮುಗಿದಾಗ ತಳಕ್ಕೆ ಇಳಿದು ಮಲಗಿದ್ದು. ಅದನ್ನು ಸಿಂಕಿಗೆ ಸುರಿಯುವಾಗ ಯಾಕೋ ಪಿಚ್ಚೆನಿಸಿತು. 1516ರ ಬವೇರಿಯದ ಕಾನೂನು ಬಿಯರಿಗೆ ನೀರು, ಬಾರ್ಲಿ, ಹಾಪ್ಸ್ ಇಷ್ಟೇ ಇರಬೇಕು ಎಂದಿತ್ತು. ಯೀಸ್ಟಿನ ಹೆಸರೇ ಅದರಲ್ಲಿಲ್ಲ. ದುಡಿದವರನ್ನು ಪಟ್ಟಿಯಿಂದ ಬಿಡುವುದು ಹೊಸದೇನಲ್ಲ ಬಿಡಿ. ಗುಳುಕ್ ಇಲ್ಲದ ಮನೆಯೂ ಕೆಲವು ದಿನ ಖಾಲಿ ಖಾಲಿ ಅನ್ನಿಸಿತು. ಭಾವ ಆ ಕುರ್ಚಿಯನ್ನು ಎತ್ತಿಡಲೇ ಇಲ್ಲ.

ಬಾಟಲಿಗಳು ಎರಡು ವಾರ ಕತ್ತಲಲ್ಲಿ ಇರಬೇಕು. ಬೆಳಕು ಬಿದ್ದರೆ ಹಾಪ್ಸಿನ ಅಂಶ ಕೆಟ್ಟು ನಾತ ಬರುತ್ತದೆ. ಬಿಯರಿಗೆ ಕಂದು ಬಾಟಲಿ ಬಳಸುವುದು ಅದಕ್ಕೇ. ಟಾರ್ಚನ್ನು ನಾನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಕೊನೆಗೂ ದಿನ ಬಂತು. ತಳದಲ್ಲಿ ತೆಳುವಾಗಿ ಗಸಿ ಇರುತ್ತೆ, ಅಲುಗಾಡಿಸದೆ ಬಗ್ಗಿಸಿ, ಕೊನೆಯ ಗುಟುಕು ಬಾಟಲಿಯಲ್ಲೇ ಬಿಡಿ ಎಂದು ಮೊದಲೇ ಹೇಳಿದ್ದೆ. ಭಾವ ಬಾಟಲಿಯನ್ನು ಗಿರಗಿರ ತಿರುಗಿಸಿ, ಕೊನೆಯ ಹನಿಯವರೆಗೂ ಲೋಟಕ್ಕೆ ಬಗ್ಗಿಸಿ, ಬೆಳಕಿಗೆ ಹಿಡಿದರು.

"ಏನೋ ಇದು, ಮಬ್ಬು ಮಬ್ಬಾಗಿದೆ?"

"ನಿಮ್ಮ ಕನ್ನಡಕ ಒರೆಸಿಕೊಳ್ಳಿ ಭಾವ" ಎಂದೆ.

ಪಾಪ, ಒರೆಸಿಕೊಂಡರು. ಮತ್ತೆ ನೋಡಿದರು. ಇನ್ನೂ ಒರೆಸುತ್ತಲೇ ಇದ್ದಾರೆ.